ಅಟ್ಟದ ಮೇಲಿನ ಪಟ್ಟಿಗಳು

ನಮ್ಮೂರಿನಲ್ಲಿ ಮಗುವಿಗೆ ಎರಡು ವರ್ಷ ತುಂಬಿದ ದಿನ ಬೆಳಗ್ಗೆ ಆ ಮನೆಯ ತಲೆಬಾಗಿಲು ಕೂರುತ್ತದೆ. ಮಗು ಅಂದು ಎಷ್ಟೆತ್ತರವೋ ಅದರ ಎರಡರಷ್ಟಕ್ಕೆ ಚೌಕಟ್ಟಿನ ಮೇಲ್ಪಟ್ಟಿ ಬಂದು ನಿಲ್ಲುತ್ತದೆ. ಆ ಮನೆಯಲ್ಲಿ ಇನ್ನೊಂದು ಮಗುವಿಗೆ ಎರಡು ತುಂಬುವವರೆಗೆ ಅಲ್ಲಿಂದ ಕದಲುವುದಿಲ್ಲ. ಮಗು ಬೆಳೆದು ಮದುವೆಯ ವಯಸ್ಸಿಗೆ ಬಂದಾಗ ನೆತ್ತಿ ಸರಿಯಾಗಿ ಆ ಪಟ್ಟಿಗೆ ಮುಟ್ಟುತ್ತದೆ. ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಮ್ಮಿಯಿಲ್ಲ. ಇದು ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಬೇರೆ ಊರುಗಳಲ್ಲಿ ಬಾಗಿಲು ಕೂರುವುದಿಲ್ಲವಂತೆ ಎಂದು ಯಾರಾದರೂ ಹೇಳಿದರೆ, ಹಾಗಾದರೆ ಅವರಿಗೆ ಮಕ್ಕಳು ಎಷ್ಟೆತ್ತರ ಆಗುತ್ತಾರೆಂದು ಗೊತ್ತಾಗುವುದು ಹೇಗೆ ಎಂದು ತಿರುಗಿ ಕೇಳುತ್ತೇವೆ.

ನಾನು ಕಾಳಾಚಾರಿ, ಈ ಊರಿನ ಬಡಗಿ. ಚೌಕಟ್ಟು ತಾನಾಗಿ ಕೂರುತ್ತದೆ, ಕದ ಕೂರುವುದಿಲ್ಲ. ಮೇಲ್ಪಟ್ಟಿ ಕೆಳಗಿಳಿದ ಮೇಲೆ ಹಳೆಯ ಕದ ಅದರೊಳಗೆ ಹಿಡಿಸುವುದಿಲ್ಲವಾದ್ದರಿಂದ ಅದರ ನೆತ್ತಿಯಿಂದ ಅಷ್ಟಗಲದ ಪಟ್ಟಿ ಕತ್ತರಿಸಿ ತೆಗೆಯಬೇಕು. ಅದು ನನ್ನ ಕೆಲಸ. ಬೆಳಗ್ಗೆ ಹತ್ತರ ಹೊತ್ತಿಗೆ ಗರಗಸ, ಉಜ್ಜುಗೊರಡು ಹಿಡಿದು ಹೋಗುತ್ತೇನೆ, ಮನೆಯವರು ಮೊರದಲ್ಲಿ ಅಕ್ಕಿ, ಬೆಲ್ಲ, ಎಲೆಅಡಿಕೆ ಇಟ್ಟುಕೊಂಡು ಕಾದಿರುತ್ತಾರೆ. ಒಂದೊಂದು ಮನೆಯಲ್ಲಿ ಬಾಗಿಲು ಇದ್ದಲ್ಲೇ ಇರುವುದೂ ಉಂಟು. ಆ ದಿನ ನನಗೆ ಮೊರ ಮಾತ್ರ, ಕೆಲಸವಿಲ್ಲ. ಆದರೆ ಮೊನ್ನೆಮೊನ್ನೆಯವರೆಗೆ, ನಲವತ್ತು ವರ್ಷದಲ್ಲಿ, ನಾನು ಕದ ಕತ್ತರಿಸಿದ್ದೆನೇ ಹೊರತು ಯಾರ ಕದಕ್ಕೂ ಪಟ್ಟಿ ಸೇರಿಸಿರಲಿಲ್ಲ. ನಮ್ಮಪ್ಪನೂ ಸೇರಿಸಿದ್ದು ನಾನು ಕಂಡಿಲ್ಲ.

ಹೀಗೆ ತಲೆಮಾರಿನಿಂದ ತಲೆಮಾರಿಗೆ ಬಾಗಿಲುಗಳು ಇಳಿದಿಳಿದು ಈಗ ಊರಿನಲ್ಲಿ ಐದಡಿಯ ಬಾಗಿಲೆಂದರೆ ದೊಡ್ಡ ಬಾಗಿಲು. ವಯಸ್ಸಾದವರು ತಮ್ಮ ಮನೆಗೇ ಬಗ್ಗಿ ನುಗ್ಗುತ್ತಾರೆ. ಇದರಿಂದ ನಷ್ಟವೇನೂ ಆಗಿಲ್ಲವೆಂದು ನಾವು ತಿಳಿದಿದ್ದೆವು. ನಮ್ಮೂರಿನವರು ಬಹಳ ವಿನಯವಂತರು ಎಂದು ಸುತ್ತಮುತ್ತ ಹೆಸರಿದೆ. ಸಂತೆಗೆ ಹೋದರೂ ಅಂಗಡಿಯ ಬಾಗಿಲಲ್ಲಿ ಅಭ್ಯಾಸಬಲದಿಂದ ತಲೆ ಬಗ್ಗಿಸುತ್ತೇವೆ, ಅಂಗಡಿಯವನು ಎದ್ದು ನಿಂತು ಕೈ ಮುಗಿಯುತ್ತಾನೆ. ಕತ್ತರಿಸಿದ ಪಟ್ಟಿಗಳನ್ನು ಬಚ್ಚಲ ಒಲೆಗೆ ಹಾಕುತ್ತಾರೆ. ಒಣಗಿದ ಹಳೆಯ ಮರ, ಚೆನ್ನಾಗಿ ಉರಿಯುತ್ತದೆ. ಅದೇ ನೀರಿನಲ್ಲಿ ಅಂದು ಮಗುವಿಗೆ ಎರೆಯುವುದು ಪದ್ಧತಿ.

ಇನ್ನೊಂದು ಪದ್ಧತಿ ತುಂಬುತಿಂಗಳು. ಮಗುವಿಗೆ ಇಪ್ಪತ್ತಮೂರು ತಿಂಗಳು ಮುಗಿದು ಇಪ್ಪತ್ತನಾಲ್ಕನೆಯದು ಹಿಡಿದ ದಿನದಿಂದ ಮನೆಯವರಿಗೆ ಎಲ್ಲಿಲ್ಲದ ಹುರುಪು ಬರುತ್ತದೆ. ಅಲ್ಲಿಯವರೆಗೆ ಮಗು ತಿಳಿಗಂಜಿ, ಬೇಳೆಯ ಕಟ್ಟು ಕುಡಿದುಕೊಂಡು, ಅಮ್ಮನ ಊಟದ ತಟ್ಟೆಯ ಅಂಚಿನಲ್ಲಿ ಉಳಿದ ಅಗುಳು ನೆಕ್ಕಿಕೊಂಡು ಇರುತ್ತದೆ. ಆ ತಿಂಗಳು ಮಾತ್ರ ತುಪ್ಪ ಸುರಿದ ಹೋಳಿಗೆ, ತಂಬಿಟ್ಟು, ಗಟ್ಟಿಹಾಲು, ಹೊತ್ತುಹೊತ್ತಿಗೆ ತುರುಕುತ್ತಾರೆ. ಅಜ್ಜಿಯರು ಎಣ್ಣೆ ಹಚ್ಚಿ ಕಾಲು ಎಳೆಯುತ್ತಾರೆ. ಬಾಗಿಲು ಕೂರುವ ಬೆಳಗ್ಗೆ ಜುಟ್ಟನ್ನು ಎತ್ತಿ ಕಟ್ಟುತ್ತಾರೆ, ಹಿಮ್ಮಡಿಯ ಕೆಳಗೆ ಕೊಬ್ಬರಿ ಚೂರು ಇಟ್ಟು ನಿಲ್ಲಿಸುತ್ತಾರೆ. ಬಾಗಿಲು ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡದ್ದಿಲ್ಲ. ಒಬ್ಬ ಸಾಹುಕಾರರು ಮೇಲ್ಪಟ್ಟಿಯ ಕೆಳಗೆ ಕಬ್ಬಿಣದ ಕಂಬ ಕೊಟ್ಟು ನಿಲ್ಲಿಸಿದ್ದರು. ಅಂದು ಕಂಬ ಬಗ್ಗಿತು, ಅವರ ಮನೆಯಲ್ಲಿ ಇಂದಿಗೂ ಆ ಬಗ್ಗಿದ ಕಂಬಕ್ಕೆ ಎಮ್ಮೆ ಕಟ್ಟುತ್ತಾರೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಮಾತು ನಮ್ಮೂರಿನಲ್ಲೂ ಇದೆ, ಬೇರೆಯವರ ವಿಷಯಕ್ಕೆ ಬಳಸುತ್ತೇವೆ.

ನನ್ನ ಮೊಮ್ಮಗಳು ಇಂದುಮತಿಗೆ ಹತ್ತು ತಿಂಗಳಾಗಿದ್ದಾಗ ಊರಿನ ಅಂಗನವಾಡಿಗೆ ಹೊಸ ಟೀಚರು ಬಂದರು. ಹೆಸರು ಕಮರುನ್ನಿಸಾ. ಹೊರಗಿನವರು, ಎತ್ತರದ ಹೆಂಗಸು. ಬಂದ ಮೊದಲ ವಾರ ಹದಿನೇಳು ಮನೆಗೆ ಹೋಗಿ ಹದಿನೇಳು ಮನೆಯಲ್ಲೂ ಹಣೆ ಚಚ್ಚಿಸಿಕೊಂಡರು. ಹಣೆಯ ಮೇಲೆ ನೆಲ್ಲಿಕಾಯಿ ಗಾತ್ರದ ಬುಗುಟು ಬಂತು. ಅರಿಸಿನ ಹಚ್ಚಿಕೊಂಡೇ ಮನೆ ಮನೆ ತಿರುಗಿದರು. ಬಗ್ಗುವುದನ್ನು ಕಲಿಯಿರಿ ಎಂದು ಜನ ಹೇಳಿದರೆ, ಕಲೀತೀನಿ, ಮೊದಲು ಮಕ್ಕಳಿಗೆ ಏನು ಉಣ್ಣಿಸ್ತೀರಿ ಹೇಳಿ, ಎಂದು ಪಟ್ಟಾಗಿ ಕೂತುಬಿಡುತ್ತಿದ್ದರು.

ಅವರು ನನ್ನ ಹತ್ತಿರ ಬಂದದ್ದು ಒಂದು ಹಲಗೆ ಮಾಡಿಸಲು. ಮೂರೂವರೆ ಅಡಿ ಉದ್ದ, ಒಂದು ತುದಿಯಲ್ಲಿ ತಲೆ ಆನಿಸುವ ಅಡ್ಡಹಲಗೆ, ಇನ್ನೊಂದು ಕಡೆ ಹಿಂದೆ ಮುಂದೆ ಜಾರುವ ಇನ್ನೊಂದು ಅಡ್ಡಹಲಗೆ. ಮಗುವನ್ನು ಅದರ ಮೇಲೆ ಅಂಗಾತ ಮಲಗಿಸಿ, ಜಾರುವ ಹಲಗೆಯನ್ನು ಅಂಗಾಲಿಗೆ ತಂದು ನಿಲ್ಲಿಸಿದರೆ ಉದ್ದ ತಿಳಿಯುತ್ತದೆ. ಯಾವ ತಿಂಗಳಿಗೆ ಮಗು ಕನಿಷ್ಠ ಎಷ್ಟಿರಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು, ಅಲ್ಲಲ್ಲಿ ಕೆಂಪು ಗೆರೆ ಕೊರೆಯಲು ಹೇಳಿದರು. ನಾನು ಮಾಡಿಕೊಟ್ಟೆ. ಆದರೆ ಹಲಗೆ ಕಂಡು ಹೆಂಗಸರು ಬೆಚ್ಚಿದರು. ನಮ್ಮಲ್ಲಿ ಮಲಗಿದವರನ್ನು ಅಳೆಯುವುದು ಒಂದೇ ಸಂದರ್ಭದಲ್ಲಿ, ಆಗಲೂ ಅಳೆಯುವವನು ನಾನೇ, ಚಟ್ಟಕ್ಕೆ. ಹಸುಗೂಸನ್ನು ಆಚಾರಿ ಮಾಡಿದ ಹಲಗೆಯ ಮೇಲೆ ಮಲಗಿಸಿ ಅಳೆಯುವುದೆಂದರೆ ಯಾರ ಎದೆ ತಾನೇ ಹೊಡೆದುಕೊಳ್ಳದು. ಮೂರು ವಾರ ಒಂದು ಮಗುವೂ ಬರಲಿಲ್ಲ. ಕಮರ್ ಟೀಚರು ಹಲಗೆಯನ್ನು ತಲೆಯ ಮೇಲೆ ಹೊತ್ತು ನಾನು ಮರಗೆಲಸ ಮಾಡುವ ಕೊಟ್ಟಿಗೆಗೆ ವಾಪಸು ತಂದರು. ಇದಕ್ಕೆ ನಾಲ್ಕು ಮೂಲೆಗೆ ತೊಟ್ಟಿಲಿನ ಬಳೆ ಹಾಕಿ ಆಚಾರ್ರೇ, ಬದಿಗೆ ಎರಡು ಗಿಣಿ ಕೆತ್ತಿ, ಎಂದರು. ಗಿಣಿ ಕೆತ್ತಿದೆ, ಹಸಿರು ಬಣ್ಣ ಹಚ್ಚಿದೆ, ಬಳೆ ಹೊಡೆದೆ. ಚಟ್ಟ ತೊಟ್ಟಿಲಾಯಿತು. ಮಕ್ಕಳು ಬಂದವು.

ಈಗ ನಾನು ಹೇಳದೆ ಬಿಟ್ಟಿದ್ದ ಒಂದು ಮಾತು ಹೇಳಬೇಕು. ಹಲಗೆ ಕೊಡುವ ಮುಂಚೆ ಜಾರುವ ಹಲಗೆ ಸಲೀಸಾಗಿ ಓಡುತ್ತದೆಯೇ ಎಂದು ನೋಡಲು ಕೊಟ್ಟಿಗೆಯಲ್ಲಿ ಅಂಬೆಗಾಲಿಡುತ್ತಿದ್ದ ಇಂದುವನ್ನೇ ಎತ್ತಿ ಮಲಗಿಸಿದ್ದೆ. ಅಂಗಾಲು ಹತ್ತನೆಯ ತಿಂಗಳ ಕೆಂಪು ಗೆರೆಗೆ ಅರ್ಧ ಬೆರಳು ಕಮ್ಮಿ ಬಂತು. ಹಲಗೆಯಲ್ಲಿ ತಪ್ಪಿದೆ ಎಂದುಕೊಂಡೆ. ಮಗುವನ್ನು ಕೆಳಗಿಳಿಸಿ ಹಲಗೆಯನ್ನು ಎರಡು ಸಲ ಅಳೆದೆ. ಚೀಟಿ ಇಟ್ಟುಕೊಂಡು ಗೆರೆಗಳನ್ನು ಒಂದೊಂದಾಗಿ ತಾಳೆ ನೋಡಿದೆ. ಹಲಗೆ ಸರಿಯಾಗಿತ್ತು. ಹಲಗೆ ಸರಿಯಾಗಿದೆಯಲ್ಲ ಎಂದು ನನಗೆ ಸಮಾಧಾನವೂ ಆಯಿತು. ಟೀಚರಿಗೆ ಕೊಟ್ಟು ಕೈ ತೊಳೆದುಕೊಂಡೆ. ಮಗುವಿನ ವಿಷಯ ಯಾರಿಗೂ ಹೇಳಲಿಲ್ಲ. ಬಡಗಿಯ ಕಣ್ಣು ಮರದ ತಪ್ಪನ್ನೇ ಹುಡುಕುತ್ತದೆ ಎಂದು ಬೇಕಾದರೆ ಹೇಳಬಹುದು, ಆದರೆ ನಿಜ ಹೇಳಬೇಕೆಂದರೆ ನನಗೆ ಆ ಅರ್ಧ ಬೆರಳನ್ನು ಮನೆಯೊಳಗೆ ತೆಗೆದುಕೊಂಡು ಹೋಗುವ ಧೈರ್ಯ ಇರಲಿಲ್ಲ.

ಮನೆಯೊಳಗೆ ನನ್ನ ಹೆಂಡತಿ ಸಾವಂತ್ರಮ್ಮ ಇದ್ದಳು. ಒಳ್ಳೆಯವಳು, ಕೈ ಎತ್ತಿ ಕೊಡುವವಳು, ಆದರೆ ಅಡುಗೆಮನೆಯಲ್ಲಿ ಅವಳ ಮಾತೇ ಶಾಸನ. ಸೊಸೆ ನೀಲ, ಇಂದುವಿನ ತಾಯಿ, ಎಲ್ಲರ ಊಟವಾದ ಮೇಲೆ ಉಣ್ಣಬೇಕು. ಬಸುರಿ ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟ. ಮಗುವಿಗೆ ಬೇಳೆ ಕೊಟ್ಟರೆ ಹೊಟ್ಟೆ ಉಬ್ಬರ, ಸಾರವೆಲ್ಲ ಕಟ್ಟಿನಲ್ಲೇ ಇರುತ್ತದೆ. ಇವೆಲ್ಲ ಅವಳ ಅತ್ತೆಯಿಂದ, ಅಂದರೆ ನಮ್ಮಮ್ಮನಿಂದ, ಅವಳಿಗೆ ಬಂದದ್ದು. ಅವಳು ಹಾಗೇ ಬದುಕಿದ್ದಳು, ಹಾಗೇ ಹೆತ್ತಿದ್ದಳು. ಇನ್ನೊಬ್ಬಳಿಗೆ ಬೇರೆ ಥರ ಮಾಡು ಎಂದರೆ ತಾನು ಉಪವಾಸ ಬಿದ್ದದ್ದೆಲ್ಲ ದಂಡವಾಯಿತೆಂದು ಒಪ್ಪಿಕೊಂಡ ಹಾಗೆ. ಅದು ಸುಲಭವಲ್ಲ ಎಂದು ನನಗೆ ಆಮೇಲೆ ತಿಳಿಯಿತು.

ಕಮರ್ ಟೀಚರು ಪ್ರತಿ ಗುರುವಾರ ಮಧ್ಯಾಹ್ನ ಒಂದೊಂದು ಜಗಲಿಯ ಮೇಲೆ ಹೆಂಗಸರನ್ನು ಕೂರಿಸಿ ಹೇಳುತ್ತಿದ್ದರು. ಭಾಷಣ ಕಮ್ಮಿ, ಪಾತ್ರೆ ಪಡಗ ಜಾಸ್ತಿ. ಮನೆಯಿಂದ ಮಗುವಿನ ಗಂಜಿ ತರಿಸಿ ತಟ್ಟೆಗೆ ಸುರಿದು ಓರೆ ಮಾಡುತ್ತಿದ್ದರು. ಹರಿದುಹೋದರೆ ಕರುವಿಗೆ, ನಿಂತರೆ ಕೂಸಿಗೆ, ಎನ್ನುತ್ತಿದ್ದರು. ಹೊಟ್ಟೆಯಲ್ಲಿದ್ದಾಗಿನಿಂದ ಎರಡು ತುಂಬುವವರೆಗಿನ ಸಾವಿರ ದಿನದಲ್ಲಿ ಬಾಗಿಲು ದಿನಾ ಒಂದು ಕೂದಲೆಳೆಯಷ್ಟು ಕೂರುತ್ತಲೇ ಇರುತ್ತದೆ, ನಿಮ್ಮ ಕಣ್ಣಿಗೆ ಬೀಳುವುದು ಕೊನೆಯ ದಿನ ಮಾತ್ರ, ಎಂದು ಹೇಳುತ್ತಿದ್ದರು. ಮಗುವಿಗೆ ತನ್ನದೇ ತಟ್ಟೆ ಇರಬೇಕು, ಎಷ್ಟು ಉಂಡಿತು ಎಂದು ಕಾಣಬೇಕು. ಉಣ್ಣಿಸುವ ಕೈಗೆ ಸೋಪು ಬೀಳಬೇಕು. ಭೇದಿಯಾದಾಗ ಊಟ ನಿಲ್ಲಿಸಬಾರದು. ನಮ್ಮ ಜಗಲಿಯ ಸರದಿ ಬಂದಾಗ ಸಾವಂತ್ರಮ್ಮ ಕಟ್ಟಿನ ಮಾತು ತೆಗೆದಳು. ಟೀಚರು ಶಾಂತವಾಗಿ, "ಸಾರ ಎಲ್ಲಾ ಕಟ್ಟಲ್ಲೇ ಇದ್ರೆ ಬೇಳೆ ನೀವ್ಯಾಕೆ ತಿಂತೀರಮ್ಮ?" ಎಂದರು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಗುವಿನಿಂದಲೇ ಕೆಟ್ಟಿತು. ಅಂದಿನಿಂದ ನಮ್ಮ ಮನೆಯಿಂದ ಯಾರೂ ಗುರುವಾರಕ್ಕೆ ಹೋಗಕೂಡದು ಎಂದಾಯಿತು. ಹಲಗೆ ಮಾಡಿದ್ದು ನಾನು, ಗಿಣಿ ಕೆತ್ತಿದ್ದು ನಾನು, ಊರಿನ ಅರ್ಧ ಮಕ್ಕಳು ಅದರ ಮೇಲೆ ಮಲಗಿ ಎದ್ದವು, ನನ್ನ ಮೊಮ್ಮಗಳು ಮಾತ್ರ ಮಲಗಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ.

ಇಂದುವಿಗೆ ತುಂಬುತಿಂಗಳು ಜೋರಾಗಿಯೇ ನಡೆಯಿತು. ಹನ್ನೊಂದನೆಯ ದಿನಕ್ಕೆ ಭೇದಿ ಹಿಡಿಯಿತು. ಹೊಟ್ಟೆಗೆ ಬಿಡುವು ಕೊಡಬೇಕೆಂದು ಸಾವಂತ್ರಮ್ಮ ನಾಲ್ಕು ದಿನ ಬರೀ ಜೀರಿಗೆ ನೀರಿನಲ್ಲಿಟ್ಟಳು. ಟೀಚರಿಗೆ ಯಾರು ಹೇಳಿದರೋ, ಸೀದಾ ಒಳಗೆ ಬಂದು ಓಆರ್‌ಎಸ್ ಪುಡಿ ಕಲಸಿ ಕುಡಿಸಿ, ಮೆತ್ತಗೆ ಅನ್ನ ಮೊಸರು ಕಲಸಿಡಿ ಎಂದು ಹೇಳಿ ಹೋದರು. ಅವರ ಮುಂದೆ ಹೂಂ ಎಂದೆವು. ಮಗು ಬದುಕಿತು, ಸೊರಗಿತು. ಬಾಗಿಲು ಕೂರುವ ಬೆಳಗ್ಗೆ ನಾನು ನನ್ನ ಮನೆಯ ಮುಂದೆಯೇ ಗರಗಸ ಹಿಡಿದು ನಿಂತೆ. ನನ್ನ ಮಗನ ಕಾಲಕ್ಕೆ ಐದಡಿ ಮೂರು ಅಂಗುಲಕ್ಕೆ ಕೂತಿದ್ದ ಬಾಗಿಲು ಗರಗರ ಎಂದು ಇಳಿಯಿತು, ಇಳಿಯಿತು, ನಾಲ್ಕಡಿ ಹನ್ನೊಂದಕ್ಕೆ ನಿಂತಿತು. ನಾಲ್ಕು ಅಂಗುಲ. ಒಂದೇ ಮನೆಯಲ್ಲಿ ಒಂದೇ ಸಲ ಅಷ್ಟು ಕತ್ತರಿಸಿದ್ದು ನನಗೆ ನೆನಪಿಲ್ಲ. ನೀಲ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಾನು ಕತ್ತರಿಸುವುದನ್ನು ಕೊನೆಯವರೆಗೂ ನೋಡಿದಳು.  ಹೆಣ್ಣು ತಾನೆ, ಬಗ್ಗಿ ನಡೆಯೋದೇ ಚಂದ ಎಂದು ಯಾರೋ ನೆರೆಯವರು ಅಂದರು.

ಆ ಪಟ್ಟಿಯನ್ನು ಒಲೆಗೆ ಹಾಕಲಿಲ್ಲ. ಬಡಗಿಯ ಮನೆಯಲ್ಲಿ ಸ್ವಂತ ಬಾಗಿಲಿನ ಮರ ಸುಡಬಾರದು ಎಂದು ನಮ್ಮ ಹಿರಿಯರ ನೇಮ. ಅಟ್ಟದ ಮೇಲೆ ಹಳೆಯ ಪಟ್ಟಿಗಳು ಮೂರಿದ್ದವು. ಇದು ನಾಲ್ಕನೆಯದಾಗಿ ಸೇರಿತು.

ಎರಡು ವರ್ಷ ಕಳೆಯುವುದರೊಳಗೆ ನೀಲ ಮತ್ತೆ ಬಸುರಾದಳು. ಮೂರು ತಿಂಗಳು ತುಂಬಿದ್ದಿರಬೇಕು. ಒಂದು ಮಧ್ಯಾಹ್ನ ನಾನು ಕೊಟ್ಟಿಗೆಯಲ್ಲಿ ನೇಗಿಲ ಮೇಳಿ ಕೆತ್ತುತ್ತಿದ್ದಾಗ ಮಜ್ಜಿಗೆ ತಂದಿಟ್ಟು ಅಲ್ಲೇ ನಿಂತಳು. ಸಾಮಾನ್ಯವಾಗಿ ನನ್ನ ಎದುರು ನಿಲ್ಲುವ ಹುಡುಗಿಯಲ್ಲ. "ಮಾವ, ನಂಗೆ ಹಸಿವಾಗ್ತದೆ," ಎಂದಳು.  ಉಳಿ ಕೆಳಗಿಟ್ಟೆ. ಅವಳು ಮುಂದುವರಿಸಿದಳು: "ಇಂದು ಹೊಟ್ಟೇಲಿದ್ದಾಗ್ಲೂ ಆಗ್ತಿತ್ತು. ಆಗ ಹೇಳ್ಲಿಲ್ಲ. ಈ ಸಲ ಆ ಗರಗಸದ ಸದ್ದು ಕೇಳೋಕೆ ನನ್ನ ಕೈಲಾಗಲ್ಲ ಮಾವ." ದನಿ ಏರಿರಲಿಲ್ಲ, ಕಣ್ಣಲ್ಲಿ ನೀರೂ ಇರಲಿಲ್ಲ. ನಮ್ಮ ಮನೆಯಲ್ಲಿ ಒಬ್ಬಳು ಆರು ವರ್ಷದಿಂದ ಹಸಿದುಕೊಂಡು ಓಡಾಡುತ್ತಿದ್ದಳು, ನನಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತು, ಹಲಗೆಯ ಹಾಗೆ ಅದನ್ನೂ ಪಕ್ಕಕ್ಕಿಟ್ಟಿದ್ದೆ. ನನಗೆ ಬಹಳ ನಾಚಿಕೆಯಾಯಿತು.

ಅಂದೇ ಸಾವಂತ್ರಮ್ಮನ ಹತ್ತಿರ ಮಾತು ತೆಗೆದೆ. ಅವಳು ನಿರೀಕ್ಷಿಸಿದ್ದವಳ ಹಾಗೆ, ಉಂಡರೇನು ಬಿಟ್ಟರೇನು, ನಮ್ಮ ವಂಶವೇ ಕುಳ್ಳು, ಇರುವ ಬೀಜಕ್ಕೆ ತಕ್ಕ ಬೆಳೆ ಎಂದಳು. ಊರಿನಲ್ಲಿ ಎಲ್ಲ ಮನೆಯಲ್ಲೂ ಇದೇ ಉತ್ತರ.  ಏಣಿ ಹಾಕಿ ಅಟ್ಟ ಹತ್ತಿ ನಾಲ್ಕು ಪಟ್ಟಿಗಳನ್ನೂ ಇಳಿಸಿದೆ. ಧೂಳು ಒರೆಸಿದೆ. ಒಂದೊಂದರ ಮೇಲೂ ಕತ್ತರಿಸಿದವರು ಸೀಸದಕಡ್ಡಿಯಲ್ಲಿ ಯಾರ ಬಾಗಿಲಿಗೆ ಎಂದು ಬರೆದಿದ್ದರು. ತಲೆಬಾಗಿಲಿನ ಕದವನ್ನು ಕೀಲಿನಿಂದ ಕಳಚಿ ಅಂಗಳದಲ್ಲಿ ಗೋಡೆಗೆ ಒರಗಿಸಿದೆ. ಮೊದಲು ಇಂದುವಿನ ನಾಲ್ಕು ಅಂಗುಲದ ಪಟ್ಟಿ ಅದರ ನೆತ್ತಿಯ ಮೇಲಿಟ್ಟೆ. ಅದರ ಮೇಲೆ ನನ್ನ ಮಗನ ಕಾಲಕ್ಕೆ ತೆಗೆದ ಎರಡು ಅಂಗುಲ. ಈಗ ಬಾಗಿಲು ನನ್ನೆತ್ತರಕ್ಕೆ ಬಂತು. ಅದರ ಮೇಲೆ ನನಗೆ ಎರಡು ತುಂಬಿದಾಗ ನಮ್ಮಪ್ಪ ಕತ್ತರಿಸಿದ ಮೂರು. ಅದರ ಮೇಲೆ ನಮ್ಮಪ್ಪನಿಗೆ ತುಂಬಿದಾಗ ನಮ್ಮಜ್ಜ ಕತ್ತರಿಸಿದ ಮೂರು. ಕೊನೆಯ ಪಟ್ಟಿ ಇಡಲು ಸ್ಟೂಲು ಹತ್ತಬೇಕಾಯಿತು. ಐದಡಿ ಹನ್ನೊಂದು ಅಂಗುಲದ ಬಾಗಿಲು ನಮ್ಮ ಅಂಗಳದಲ್ಲಿ ನಿಂತಿತು. ಅದು ನಮ್ಮಜ್ಜನ ಬಾಗಿಲು. ನಮ್ಮಪ್ಪನಿಗೆ ಎರಡು ತುಂಬುವವರೆಗೆ ಅವನು ಅದರೊಳಗೆ ನೆಟ್ಟಗೆ ನಡೆದಿರಬೇಕು.

ಅದನ್ನು ಹಿಡಿದುಕೊಂಡೇ, ಹತ್ತು ಬೆರಳಲ್ಲೂ ಪಟ್ಟಿಗಳು ಜಾರದ ಹಾಗೆ ಅದುಮಿಕೊಂಡೇ, ಹಲಗೆಯ ಮೇಲೆ ಇಂದುವನ್ನು ಮಲಗಿಸಿದ್ದನ್ನೂ ಅರ್ಧ ಬೆರಳು ಕಮ್ಮಿ ಬಂದದ್ದನ್ನೂ ನಾನು ಹಲಗೆಯನ್ನು ಅಳೆದದ್ದನ್ನೂ ಹೇಳಿದೆ. "ಗೊತ್ತಿದ್ದೂ ಸುಮ್ನಿದ್ದೆ ಕಣೆ. ತಪ್ಪು ನಿಂದಲ್ಲ, ನಂದು. ವಂಶ ಕುಳ್ಳಲ್ಲ, ನೋಡು," ಎಂದೆ.  ಸಾವಂತ್ರಮ್ಮ ಹತ್ತಿರ ಬಂದು ಮಗನ ಹೆಸರು ಬರೆದಿದ್ದ ಪಟ್ಟಿಯನ್ನು ಬೆರಳಿನಿಂದ ಸವರಿದಳು. ಆ ಬಸುರಿನಲ್ಲಿ ತಾನು ಒಲೆಯ ಹಿಂದೆ ಕೂತು ಹುಣಿಸೆಬೀಜ ಹುರಿದುಕೊಂಡು ತಿನ್ನುತ್ತಿದ್ದುದನ್ನು ನನಗೆ ಹೇಳಿದ್ದು ಆಗಲೇ. ಮೂವತ್ತು ವರ್ಷ ಹೇಳಿರಲಿಲ್ಲ. ನೀಲ ಬಾಗಿಲ ಒಳಗೆ ನಿಂತಿದ್ದಳು. ನಾಲ್ಕು ವರ್ಷದ ಇಂದು ಇದೇನೋ ಆಟವೆಂದುಕೊಂಡು, ಯಾವ ಪಟ್ಟಿ ಯಾರದು ಎಂದು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಳು.

ಮರುದಿನ ಬೆಳಗ್ಗೆ ಮುದ್ದೆ ತೊಳಸಿದ ಮೇಲೆ ಮೊದಲ ಮುದ್ದೆ ನೀಲನ ತಟ್ಟೆಗೆ ಬಿತ್ತು. ಸಾವಂತ್ರಮ್ಮ ಗಟ್ಟಿ ಬೇಳೆ ಎರಡು ಸೌಟು ಸುರಿದು ಒಳಗೆ ಹೋದಳು. ಕಮರ್ ಟೀಚರು ಬಂದಾಗ ಮೊಟ್ಟೆಯ ಮಾತು ಬಂತು. ನಮ್ಮಲ್ಲಿ ಮುಟ್ಟುವುದಿಲ್ಲ. ಸಾವಂತ್ರಮ್ಮನ ಹುಬ್ಬು ಗಂಟಾಗುವುದರೊಳಗೆ ಟೀಚರು, ಮೊಟ್ಟೆ ಬೇಡ ಅಂದ್ರೆ ಬೇಡ, ಕಡಲೆಕಾಯಿ ಬೀಜಕ್ಕೇನು ಮಡಿ, ಎಂದು ನಗುತ್ತಾ ಹುರಿಗಡಲೆ, ಕಡಲೆಬೀಜ, ನುಗ್ಗೆಸೊಪ್ಪು, ಮೊಸರು ಎಂದು ಒಂದೊಂದಾಗಿ ಹೇಳಿದರು. ಸಾವಂತ್ರಮ್ಮ ತಿದ್ದಿದಳು, ನುಗ್ಗೆಸೊಪ್ಪಿಗೆ ಕಡಲೆಬೀಜದ ಪುಡಿ ಹಾಕಿದರೆ ರುಚಿ ಹೆಚ್ಚು ಎಂದಳು. ಅಂದಿನಿಂದ ಇಬ್ಬರಿಗೂ ಮಾತು ಕೂಡಿತು. ಇಂದುವಿಗೆ ಈಗ ಏನಾದರೂ ಮಾಡಬಹುದೇ ಎಂದು ನಾನು ಒಬ್ಬನೇ ಇದ್ದಾಗ ಟೀಚರನ್ನು ಕೇಳಿದೆ. ಚೆನ್ನಾಗಿ ಉಣ್ಣಿಸಿ, ಶಕ್ತಿ ಬರುತ್ತದೆ, ಓದು ಚುರುಕಾಗುತ್ತದೆ, ಅದೇನೂ ಸಣ್ಣದಲ್ಲ, ಎಂದರು. ಆಮೇಲೆ, ಹೋದ ಅಂಗುಲ ನಿಮ್ಮೂರ ಬಾಗಿಲು ವಾಪಸು ಕೊಡಲ್ಲವಲ್ಲ ಆಚಾರ್ರೇ, ಎಂದರು.

ಮಗು ಗಂಡಾಯಿತು, ವಿರೂಪಾಕ್ಷ ಎಂದು ಹೆಸರಿಟ್ಟೆವು. ಆರು ತಿಂಗಳು ಹಾಲು ಬಿಟ್ಟರೆ ನೀರೂ ಕೊಡಲಿಲ್ಲ. ಆಮೇಲೆ ನಾನೇ ಅವನಿಗೊಂದು ಸಣ್ಣ ಮರದ ತಟ್ಟೆ ಕಡೆದುಕೊಟ್ಟೆ. ಸಾವಂತ್ರಮ್ಮ ದಿನಾ ಅದನ್ನು ಓರೆ ಮಾಡಿ ನೋಡುತ್ತಿದ್ದಳು. ಟೀಚರಿಗಿಂತ ಅವಳ ಪರೀಕ್ಷೆ ಬಿಗಿ. ಬಚ್ಚಲ ಪಕ್ಕ ಸೋಪಿಗೆ ಗೂಡು ಮಾಡಿಸಿಕೊಂಡಳು, ಕೈ ತೊಳೆಯದೆ ಮಗುವಿನ ತಟ್ಟೆ ಮುಟ್ಟಿದರೆ ನನಗೂ ಬೈಗುಳ ತಪ್ಪುತ್ತಿರಲಿಲ್ಲ. ನಡುವೆ ಎರಡು ಸಲ ಭೇದಿಯಾಯಿತು. ಎರಡು ಸಲವೂ ಅನ್ನ ನಿಲ್ಲಲಿಲ್ಲ. ತಿಂಗಳಿಗೊಮ್ಮೆ ಗಿಣಿಯ ಹಲಗೆ ನಮ್ಮ ಜಗಲಿಗೆ ಬರುತ್ತಿತ್ತು. ಒಂದು ತಿಂಗಳು ಗೆರೆಯಿಂದಾಚೆ, ಒಂದು ತಿಂಗಳು ಗೆರೆಯ ಮೇಲೆ, ಹೀಗೆ ಸಾಗಿತು. ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ, ಎದ್ದು ಹೋಗುತ್ತಿರಲಿಲ್ಲ.

ಇಪ್ಪತ್ತನಾಲ್ಕನೆಯ ತಿಂಗಳು ಬಂದರೂ ನಮ್ಮ ಮನೆಯಲ್ಲಿ ಹೋಳಿಗೆಯ ಹೊಗೆ ಏಳಲಿಲ್ಲ. ಊರಿನವರು ಸುಮ್ಮನಿದ್ದಾರೆಯೇ. ಆಚಾರಿ ಮನೆಯವರು ಕೂಸಿಗೆ ತುಂಬುತಿಂಗಳೂ ಮಾಡಲಿಲ್ಲ, ಆ ಟೀಚರಮ್ಮನ ಮಾತು ಕಟ್ಟಿಕೊಂಡು ಕದಕ್ಕೆ ಗರಗಸ ಮಸೆಯುತ್ತಿದ್ದಾರೆ, ಎಂದರು. ಸಾವಂತ್ರಮ್ಮ ಬಾವಿಕಟ್ಟೆಯಲ್ಲಿ, ಇಪ್ಪತ್ತಮೂರು ತಿಂಗಳು ಉಂಡೋನಿಗೆ ಒಂದು ತಿಂಗಳ ಹೋಳಿಗೆ ಯಾಕವ್ವ, ಎಂದು ಹೇಳಿ ಕೊಡ ಎತ್ತಿಕೊಂಡು ಬಂದಳಂತೆ. ಹೇಳಿ ಬಂದವಳು ಮನೆಯಲ್ಲಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅವಳಿಗೂ ಹೆದರಿಕೆಯಿತ್ತು.

ಬಾಗಿಲು ಕೂರುವ ಬೆಳಗ್ಗೆ ಬೀದಿಯ ಜನವೆಲ್ಲ ನಮ್ಮ ಅಂಗಳದಲ್ಲಿತ್ತು. ಮೊರದಲ್ಲಿ ಅಕ್ಕಿ ಬೆಲ್ಲ ಇಟ್ಟಿತ್ತು. ಅಭ್ಯಾಸದಂತೆ ನಾನು ಗರಗಸ ಹಿಡಿದು ನಿಂತಿದ್ದೆ. ಮೇಲ್ಪಟ್ಟಿ ಗರ್ ಎಂದಿತು. ನೀಲ ಕಣ್ಣು ಮುಚ್ಚಿಕೊಂಡಳು. ಆ ಸದ್ದು ನನಗೆ ಹೊಸದು. ಇಳಿಯುವ ಮರದ ಸದ್ದು ನಲವತ್ತು ವರ್ಷ ಕೇಳಿದವನು ನಾನು, ಇದು ಬೇರೆ ಥರ ಇತ್ತು. ಕದದ ನೆತ್ತಿಗೂ ಮೇಲ್ಪಟ್ಟಿಗೂ ನಡುವೆ ಮೊದಲು ಬೆಳಕಿನ ಒಂದು ಗೆರೆ ಕಂಡಿತು. ಗೆರೆ ಅಗಲವಾಯಿತು. ಒಳಗಿನ ನಡುಮನೆ ಕಂಡಿತು, ಗೋಡೆಯ ಕ್ಯಾಲೆಂಡರು ಕಂಡಿತು. ನಿಂತಾಗ ಅಳತೆಪಟ್ಟಿ ಹಿಡಿದೆ. ನಂಬಿಕೆಯಾಗದೆ ಇನ್ನೊಮ್ಮೆ ಹಿಡಿದೆ. ಐದಡಿ ಐದು ಅಂಗುಲ. ನನ್ನದೇ ಎತ್ತರ.  ಕಮರ್ ಟೀಚರು ಹಣೆಯಲ್ಲಿ ಹಿಂದೆ ಬುಗುಟು ಎದ್ದಿದ್ದ ಜಾಗವನ್ನು ಮುಟ್ಟಿಕೊಂಡರು, ಆಮೇಲೆ ನೆಟ್ಟಗೆ ಒಳಗೆ ಹೋಗಿ ಹೊರಗೆ ಬಂದರು. ನಮ್ಮೂರಿನಲ್ಲಿ ಅವರ ತಲೆಗೆ ಏಟು ಬೀಳದ ಮೊದಲ ಬಾಗಿಲು ಅದು. ಸಾವಂತ್ರಮ್ಮ ಮೊರ ನನ್ನ ಕೈಗೆ ಕೊಡುವುದನ್ನು ಮರೆತು ಅದನ್ನು ಹಿಡಿದುಕೊಂಡೇ ಅತ್ತಳು.

ಕದ ಆರು ಅಂಗುಲ ಗಿಡ್ಡವಾಗಿತ್ತು. ಗರಗಸ ಪಕ್ಕಕ್ಕಿಟ್ಟು ಅಟ್ಟ ಹತ್ತಿದೆ. ನಾಲ್ಕರ ಪಟ್ಟಿ, ಎರಡರ ಪಟ್ಟಿ. ಅದೇ ಮರ, ಅದೇ ಅಗಲ, ಗೂಟ ಹೊಡೆದು ಕೂರಿಸಿದರೆ ಎಲ್ಲಿಂದ ಹೋಗಿತ್ತೋ ಅಲ್ಲಿಗೇ ಬಂದು ಕೂತಿತು. ಇಷ್ಟು ವರ್ಷದಲ್ಲಿ ಅಷ್ಟು ಸಂತೋಷದ ಕೆಲಸ ಮಾಡಿರಲಿಲ್ಲ. ಬೆವರು ಒರೆಸಿಕೊಂಡು ಬಣ್ಣದ ಡಬ್ಬಿ ತೆಗೆದಾಗ ಆರು ವರ್ಷದ ಇಂದು ಸ್ಕೂಲು ಚೀಲ ಹೆಗಲಿಗೆ ಹಾಕಿಕೊಂಡು ಬಂದು ಬಾಗಿಲ ಕೆಳಗೆ ನಿಂತಳು. ತಲೆ ಎತ್ತಿ ನೋಡಿದಳು.

"ತಾತ, ಆ ದೊಡ್ಡ ಪಟ್ಟಿ ನಂದಲ್ವಾ?" ಎಂದಳು.

ಹೂಂ ಎಂದೆ. ಆ ಪಟ್ಟಿಯ ಕೆಳಗಿನ ಸಂದನ್ನು ತೋರಿಸಿ, "ನಾನು ದೊಡ್ಡೋಳಾದ್ರೆ ಅಲ್ಲಿಗೆ ನಿಲ್ತೀನಿ. ಪುಟ್ಟ ತಮ್ಮ ಮೇಲಿನ ತನಕ ಹೋಗ್ತಾನೆ. ಅಲ್ವಾ?" ಎಂದಳು. ಲೆಕ್ಕ ಸರಿಯಾಗಿದೆಯೇ ಎಂದು ಕೇಳುವ ಮಕ್ಕಳ ದನಿ. ಸರಿಯಾಗಿತ್ತು. ನಾನು ಮತ್ತೆ ಹೂಂ ಎಂದೆ. ಅವಳು, ಹಾಗಾದರೆ ಸಂದಿನ ಮೇಲೆ ಬಣ್ಣ ಹಚ್ಚಬೇಡ, ನಂದು ಎಲ್ಲಿ ಅಂತ ಗೊತ್ತಾಗಲ್ಲ, ಎಂದು ಹೇಳಿ ಸ್ಕೂಲಿಗೆ ಓಡಿದಳು. ಡಬ್ಬಿಯ ಮುಚ್ಚಳ ಹಾಕಿದೆ.

ಈಗ ಗುರುವಾರದ ಸಭೆ ನಮ್ಮ ಜಗಲಿಯಲ್ಲೇ ನಡೆಯುತ್ತದೆ. ಕಮರ್ ಟೀಚರು ಬಸುರಿಯರನ್ನೂ ಅವರ ಅತ್ತೆಯರನ್ನೂ ಕರೆತಂದು ಬಾಗಿಲ ಮುಂದೆ ಕೂರಿಸುತ್ತಾರೆ. ಸಾವಂತ್ರಮ್ಮ ತಟ್ಟೆ ಓರೆ ಮಾಡಿ ತೋರಿಸುತ್ತಾಳೆ. ಕಳೆದ ವರ್ಷ ಊರಿನಲ್ಲಿ ಇನ್ನೂ ಮೂರು ಬಾಗಿಲು ಮೇಲೆದ್ದವು; ಒಲೆಗೆ ಹಾಕಿದ ಪಟ್ಟಿಗಳು ಮತ್ತೆ ಸಿಗುವುದಿಲ್ಲವಾದ್ದರಿಂದ ಆ ಮನೆಗಳಿಗೆ ಹೊಸ ಮರ ಕೂಡಿಸಿದ್ದೇನೆ, ಬಣ್ಣ ಬೇರೆಯಾಗಿ ಕಾಣುತ್ತದೆ. ಸ್ಕೂಲಿಗೆ ರಜೆಯಿದ್ದ ದಿನ ಇಂದುವೂ ಸಭೆಗೆ ಬರುತ್ತಾಳೆ. ಟೀಚರು ಎಂದೂ ಅವಳನ್ನು ಕರೆದಿಲ್ಲ, ಅವಳೇ ಎದ್ದು ಬಾಗಿಲಲ್ಲಿ ನಿಂತು, ಬೆರಳು ಎತ್ತಿ ಪದ್ಯ ಒಪ್ಪಿಸುವ ಹಾಗೆ ಹೇಳುತ್ತಾಳೆ: "ಈ ಸಂದು ನಂದು. ಆ ಮೇಲ್ಪಟ್ಟಿ ನಮ್ಮ ತಮ್ಮಂದು. ನಾನು ಪಾಪು ಆಗಿದ್ದಾಗ ಯಾರಿಗೂ ಗೊತ್ತಿರ್ಲಿಲ್ಲ."

ಯಾರಿಗೂ ಗೊತ್ತಿರಲಿಲ್ಲ ಎಂದು ಅವಳಿಗೆ ಹೇಳಿಕೊಟ್ಟವಳು ನೀಲ. ಅಂಗಳದಲ್ಲಿ ಅಂದು ನಾನು ಆಡಿದ ಮಾತನ್ನೆಲ್ಲ ಕೇಳಿದವಳೇ ಹಾಗೆ ಹೇಳಿಕೊಟ್ಟಿದ್ದಾಳೆ. ಆ ಮಾತು ಬಂದಾಗ ಏನೋ ಕೆಲಸ ನೆನಪಾದವನಂತೆ ಎದ್ದು ನಾನು ಒಳಗೆ ಹೋಗುತ್ತೇನೆ. ಐದಡಿ ಐದು ಅಂಗುಲದ ಬಾಗಿಲು, ನಾನೀಗ ನೆಟ್ಟಗೆ ನಡೆದು ಹೋಗಬಹುದು. ಆದರೂ ಬಾಗಿಲಲ್ಲಿ ನಿಂತ ಇಂದುವಿನ ಪಕ್ಕದಿಂದ ದಾಟುವಾಗ ತಲೆ ಬಗ್ಗುತ್ತದೆ.